ಎಂಟು ಡಿಗ್ರಿ ಹಿಂದೆ ಬಿದ್ದಿದ್ದ ನಮ್ಮ ಜಿಪ್ಸಿ: ಒಂದು ಗ್ಯಾರೇಜು, ಒಂದು ಅಡ್ಜಸ್ಟಬಲ್ ಕ್ಯಾಮ್ ಪುಲ್ಲಿ

ನಮ್ಮ ತೋಟದಲ್ಲಿ ಹಳ್ಳದಿಂದ ಕಣದವರೆಗೆ ಒಂದು ಏರು ಇದೆ. ಉದ್ದ ಜಾಸ್ತಿ ಇಲ್ಲ, ಆದರೆ ನಡುವೆ ಒಂದು ತಿರುವಿದೆ. ಅಲ್ಲಿ ವೇಗ ಇಳಿಸಲೇಬೇಕು. ಇಳಿಸಿದ ಮೇಲೆ ಗಾಡಿ ಮತ್ತೆ ಎಳೆಯಬೇಕು. ಕೊಯ್ಲಿನ ಕಾಲದಲ್ಲಿ ಹಿಂದೆ ಆರು ಮೂಟೆ ಕಾಫಿ ಹಣ್ಣು ಹಾಕಿಕೊಂಡು ದಿನಕ್ಕೆ ಏಳೆಂಟು ಸಲ ಹತ್ತುತ್ತೇವೆ. ಮೊದಲೆಲ್ಲ ಎರಡನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ನಮ್ಮ ಜಿಪ್ಸಿ, ಎರಡು ವರ್ಷದಿಂದ ಆ ತಿರುವಿನಲ್ಲಿ ಮೊದಲನೇ ಗೇರ್ ಕೇಳುತ್ತಿತ್ತು. ಅದರಲ್ಲೂ ನರಳುತ್ತಿತ್ತು.

ಗಾಡಿ 1998ರ ಜಿಪ್ಸಿ ಕಿಂಗ್. ಕಾರ್ಬುರೇಟರ್ ಎಂಜಿನ್, 1298 ಸಿಸಿ, ಎಂಟು ವಾಲ್ವ್, ಅವನ್ನು ತೆರೆದು ಮುಚ್ಚುವ ಒಂದೇ ಕ್ಯಾಮ್‌ಶಾಫ್ಟ್. ನಮ್ಮಪ್ಪ ತೆಗೆದುಕೊಂಡಿದ್ದು. ಮೂಡಿಗೆರೆ ಕಡೆ ತೋಟ ಇರುವವರಿಗೆ ಈ ಗಾಡಿಯ ಬಗ್ಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಬೇರೆ ಯಾವುದೂ ಹೋಗದ ಕಡೆ ಹೋಗುತ್ತದೆ, ಬಿಡಿಭಾಗ ಸಿಗುತ್ತದೆ, ಊರಲ್ಲೇ ರಿಪೇರಿ ಆಗುತ್ತದೆ. ಅದನ್ನು ಮಾರುವ ಯೋಚನೆ ನನಗೆ ಯಾವತ್ತೂ ಬಂದಿಲ್ಲ.

ತೊಂದರೆ ಶುರುವಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಉಜಿರೆಯಿಂದ ಹತ್ತಿ ಬರುವಾಗ ರೇಡಿಯೇಟರ್ ಪೈಪ್ ಒಡೆದು ನೀರೆಲ್ಲ ಹೋಯಿತು. ಮೀಟರಿನ ಮುಳ್ಳು ನೋಡುವಷ್ಟರಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್, ಬೆಂಡಾಗಿತ್ತು. ಒಂದು ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ (ತಳವನ್ನು ಮಟ್ಟಸವಾಗಿ ತರಿಸಿ), ಹೊಸ ಗ್ಯಾಸ್ಕೆಟ್, ಹೊಸ ಟೈಮಿಂಗ್ ಬೆಲ್ಟ್ ಹಾಕಿ ಕೊಟ್ಟರು. ಗಾಡಿ ಸ್ಟಾರ್ಟ್ ಆಯಿತು, ಬಿಸಿ ಆಗುತ್ತಿರಲಿಲ್ಲ. ಆದರೆ ಕಮ್ಮಿ ವೇಗದಲ್ಲಿ ಇರಬೇಕಾದ ಎಳೆತ ಹೋಗಿಬಿಟ್ಟಿತ್ತು. ಕಾರ್ಬುರೇಟರ್ ಕ್ಲೀನ್ ಮಾಡಿಸಿದೆ. ಪ್ಲಗ್, ಪ್ಲಗ್ ವಯರ್, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಕ್ಲಚ್ ಪ್ಲೇಟ್ ಕೂಡ ಹೊಸದು ಹಾಕಿಸಿದೆ. ಯಾವುದರಿಂದಲೂ ಸರಿಹೋಗಲಿಲ್ಲ. ‘ಹೆಡ್ ಫೇಸಿಂಗ್ ಮಾಡಿದರೆ ಕ್ಯಾಮ್ ಟೈಮಿಂಗ್ ಹಿಂದಕ್ಕೆ ಹೋಗುತ್ತದೆ, ಅಡ್ಜಸ್ಟಬಲ್ ಪುಲ್ಲಿ ಹಾಕಿಸು’ ಎಂದು ರ‍್ಯಾಲಿ ಓಡಿಸುವ ಗೆಳೆಯ ಒಬ್ಬ ಹೇಳಿದ. ಪಿಸ್ಟನ್ ಓಡಾಟಕ್ಕೆ ಹೊಂದಿಕೊಂಡು ವಾಲ್ವ್ ತೆರೆದು ಮುಚ್ಚುವ ಹೊತ್ತೇ ಕ್ಯಾಮ್ ಟೈಮಿಂಗ್, ಅದನ್ನು ಹಿಂದೆ ಮುಂದೆ ಮಾಡಲು ಬರುವುದು ಈ ಪುಲ್ಲಿ. ಅವನೇ ಈ ಗ್ಯಾರೇಜಿಗೆ ದಾರಿ ತೋರಿಸಿದ.

ಗ್ಯಾರೇಜು ಇರುವುದು ಚಿಕ್ಕಮಗಳೂರಿನಲ್ಲಿ. ಕೆಲಸ ಮಾಡುವವರು ಒಬ್ಬರೇ, ಜೊತೆಗೆ ಒಬ್ಬ ಹುಡುಗ. ಹೆಸರು, ನಂಬರ್ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ, ಈಗಲೇ ತಿಂಗಳಿಗೆ ಆಗುವಷ್ಟು ಕೆಲಸ ಇದೆಯಂತೆ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಾನು ಹೋಗಿ ‘ಭಾಯ್, ಅಡ್ಜಸ್ಟಬಲ್ ಪುಲ್ಲಿ ಹಾಕಿಕೊಡಿ’ ಎಂದೆ. ಅವರು ಬಾನೆಟ್ ಎತ್ತಲೂ ಇಲ್ಲ. ‘ಗೌಡ್ರೇ, ಈಗ ಎಷ್ಟು ಡಿಗ್ರಿ ಇದೆ ಅಂತ ಗೊತ್ತಾ?’ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ‘ಹಾಗಾದ್ರೆ ಮೊದಲು ಅಳೆಯೋಣ. ಅಳೆದ ಮೇಲೆ ಪುಲ್ಲಿ ಬೇಕೋ ಬೇಡವೋ ಹೇಳ್ತೀನಿ’ ಎಂದರು. ಅದಕ್ಕೇ ಅರ್ಧ ದಿನ ಬೇಕು, ಗಾಡಿ ಬಿಟ್ಟು ಹೋಗಬಹುದು ಎಂದರು. ನಾನು ಹೋಗಲಿಲ್ಲ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ.

ಅಳೆಯುವ ಕೆಲಸವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾನು ಹಣ ಕೊಟ್ಟಿದ್ದು ಮುಖ್ಯವಾಗಿ ಇದಕ್ಕೇ.

ಮೊದಲು ನಾಲ್ಕೂ ಪ್ಲಗ್ ಬಿಚ್ಚಿದರು. ಫೀಲರ್ ಗೇಜ್ ಹಿಡಿದು ಟ್ಯಾಪೆಟ್, ಅಂದರೆ ವಾಲ್ವಿನ ಮೇಲಿನ ಸಂದು, ಸರಿಮಾಡಿದರು. ಟ್ಯಾಪೆಟ್ ಹೆಚ್ಚುಕಮ್ಮಿ ಇದ್ದರೆ ಮುಂದಿನ ಅಳತೆ ಎಲ್ಲ ತಪ್ಪು. ಪಿಸ್ಟನ್‌ಗಳು ತಿರುಗಿಸುವ ದಂಡವೇ ಕ್ರ್ಯಾಂಕ್, ಅದರಿಂದ ಬೆಲ್ಟಿನ ಮೂಲಕ ಕ್ಯಾಮ್ ತಿರುಗುತ್ತದೆ. ಆಮೇಲೆ ಆ ಕ್ರ್ಯಾಂಕ್ ಪುಲ್ಲಿಯ ಮೇಲೆ 360 ಡಿಗ್ರಿ ಗೆರೆ ಹಾಕಿದ ತಗಡಿನ ಚಕ್ರ ಕೂರಿಸಿದರು. ಒಂದು ತಂತಿ ಬಗ್ಗಿಸಿ ಅದಕ್ಕೆ ಮುಳ್ಳು ಮಾಡಿದರು. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ, ಪಿಸ್ಟನ್ ಮೇಲಕ್ಕೆ ಪೂರ್ತಿ ಬರದ ಹಾಗೆ ತಡೆಯುವ ಒಂದು ಬೋಲ್ಟ್ ತಿರುಪಿದರು. ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಾಗಿದ ಕಡೆ ಒಂದು ಗುರುತು. ಎದುರು ದಿಕ್ಕಿಗೆ ತಿರುಗಿಸಿ ತಾಗಿದ ಕಡೆ ಇನ್ನೊಂದು ಗುರುತು. ಎರಡರ ಸರಿ ಮಧ್ಯವೇ ಪಿಸ್ಟನ್ ನಿಜವಾಗಿ ತುದಿ ಮುಟ್ಟುವ ಜಾಗ. ಕಣ್ಣಂದಾಜಿನಲ್ಲಿ ಇದನ್ನು ಹಿಡಿಯಲು ಆಗುವುದಿಲ್ಲ, ಏಕೆಂದರೆ ತುದಿಯ ಹತ್ತಿರ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಗೊತ್ತಾಗುವುದಿಲ್ಲ.

ಆಮೇಲೆ ಆ ಬೋಲ್ಟ್ ತೆಗೆದು, ಇನ್‌ಲೆಟ್ ವಾಲ್ವಿನ ತಲೆಯ ಮೇಲೆ ಡಯಲ್ ಗೇಜ್ ಇಟ್ಟರು. ವಾಲ್ವ್ ಪೂರ್ತಿ ತೆರೆಯುವ ಜಾಗವೂ ಹಾಗೇ, ಕ್ಯಾಮಿನ ಮೂಗು ದುಂಡಗಿರುವುದರಿಂದ ಅಲ್ಲಿ ಮುಳ್ಳು ಸುಮ್ನೆ ನಿಂತಿರುತ್ತದೆ. ಅದಕ್ಕೆ ಪೂರ್ತಿ ತೆರೆಯುವುದಕ್ಕೆ 1 ಮಿಲಿಮೀಟರ್ ಮೊದಲು ಎಷ್ಟು ಡಿಗ್ರಿ, ದಾಟಿ 1 ಮಿಲಿಮೀಟರ್ ಇಳಿದಾಗ ಎಷ್ಟು ಡಿಗ್ರಿ ಎಂದು ಬರೆದುಕೊಂಡು ಮಧ್ಯ ತೆಗೆದರು. ಇಲ್ಲಿ ಮಾತ್ರ ಕ್ರ್ಯಾಂಕನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಒಂದು ಗೆರೆ ದಾಟಿ ಹೋದರೂ ಹಿಂದಕ್ಕೆ ತರುವ ಹಾಗಿಲ್ಲ, ಬೆಲ್ಟಿನ ಸಡಿಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಹುಡುಗ ಒಂದು ಸಲ ದಾಟಿಸಿಬಿಟ್ಟ. ಭಾಯ್ ಬೈಯಲಿಲ್ಲ. ‘ಮತ್ತೆ ಎರಡು ಸುತ್ತು ಸುತ್ತಿಸು’ ಎಂದರು ಅಷ್ಟೆ. ಮೂರು ಸಲ ಅಳೆದರು. ಮೂರು ಸಲವೂ ಒಂದೇ ಉತ್ತರ ಬಂದ ಮೇಲೆ ನೋಟ್‌ಬುಕ್ ತೆಗೆದರು.

ಆ ನೋಟ್‌ಬುಕ್ ನನಗೆ ತುಂಬ ಇಷ್ಟವಾಯಿತು. ಹಿಂದೆ ಅಳೆದ ಗಾಡಿಗಳ ಲೆಕ್ಕ ಅದರಲ್ಲಿದೆ. ಹೆಡ್ ಯಾವತ್ತೂ ಬಿಚ್ಚದ ಎರಡು ಜಿಪ್ಸಿ ಕಿಂಗ್‌ಗಳ ಅಳತೆಯೂ ಇತ್ತು. ಅವುಗಳಿಗೆ ಹೋಲಿಸಿದರೆ ನಮ್ಮ ಗಾಡಿಯ ಕ್ಯಾಮ್ ಕ್ರ್ಯಾಂಕ್ ಲೆಕ್ಕದಲ್ಲಿ 8 ಡಿಗ್ರಿ ತಡ.

ಹೆಡ್ ಫೇಸಿಂಗ್‌ನಿಂದ ಆಗಿದ್ದು ಅಲ್ವಾ ಎಂದೆ. ಭಾಯ್ ತಲೆ ಅಲ್ಲಾಡಿಸಿದರು. ಹೆಡ್ಡಿನ ಎತ್ತರ ಅಳೆದಿದ್ದರು, ಹೋಗಿದ್ದು ಸುಮಾರು ಅರ್ಧ ಮಿಲಿಮೀಟರ್. ಹೆಡ್ ಕೆಳಗಿಳಿದಷ್ಟು ಕ್ಯಾಮ್ ಮತ್ತು ಕ್ರ್ಯಾಂಕಿನ ನಡುವಿನ ದೂರ ಕಮ್ಮಿ ಆಗುತ್ತದೆ, ಬೆಲ್ಟು ಕ್ಯಾಮನ್ನು ಅಷ್ಟು ಹಿಂದಕ್ಕೆ ಬಿಡುತ್ತದೆ. ಅದು ನಿಜ. ಆದರೆ ಕ್ಯಾಮ್ ಪುಲ್ಲಿ ದೊಡ್ಡದು. ಅಷ್ಟು ದೊಡ್ಡ ಚಕ್ರದ ಅಂಚಿನಲ್ಲಿ ಅರ್ಧ ಮಿಲಿಮೀಟರ್ ಎಂದರೆ ಕ್ಯಾಮ್ ಅರ್ಧ ಡಿಗ್ರಿ ತಿರುಗಿದ ಹಾಗೆ. ಕ್ಯಾಮ್ ಒಂದು ಸುತ್ತು ಸುತ್ತುವಾಗ ಕ್ರ್ಯಾಂಕ್ ಎರಡು ಸುತ್ತುತ್ತದೆ, ಹಾಗಾಗಿ ಕ್ರ್ಯಾಂಕ್ ಲೆಕ್ಕದಲ್ಲಿ ಒಂದು ಡಿಗ್ರಿ. ಉಳಿದ ಏಳು ಎಲ್ಲಿಂದ ಬಂತು? ಬೆಲ್ಟ್ ಒಂದು ಹಲ್ಲು ತಪ್ಪಿಸಿ ಹಾಕಿದ್ದರೆ ಹದಿನೈದರ ಆಸುಪಾಸು ವ್ಯತ್ಯಾಸ ಬರಬೇಕಿತ್ತು, ಅದೂ ಅಲ್ಲ.

ಭಾಯ್ ಕ್ರ್ಯಾಂಕಿನ ಮುಂದಿನ ದೊಡ್ಡ ಬೋಲ್ಟ್ ಬಿಚ್ಚಿದರು. ಅದು ಸಡಿಲವಾಗಿಯೇ ಇತ್ತು. ಪುಲ್ಲಿ ಎಳೆದು, ಒಳಗಿನ ಹಲ್ಲಿನ ಚಕ್ರ ಹೊರಗೆ ತೆಗೆದು, ಆ ಚಕ್ರ ಜಾರದ ಹಾಗೆ ಹಿಡಿಯಲು ಕ್ರ್ಯಾಂಕಿನ ಸೀಳಿನಲ್ಲಿ ಕೂತಿದ್ದ ಪುಟ್ಟ ಕೀ ಕಿತ್ತು ನನ್ನ ಅಂಗೈಗೆ ಇಟ್ಟರು. ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ಕಬ್ಬಿಣದ ತುಂಡು. ಒಂದು ಬದಿ ಚೌಕ, ಇನ್ನೊಂದು ಬದಿ ಮೆಟ್ಟಿಲಿನ ಹಾಗೆ ಸವೆದು ಹೊಳೆಯುತ್ತಿತ್ತು. ಒಂದು ಮಿಲಿಮೀಟರಿಗೂ ಜಾಸ್ತಿ ಆಟ. ಕ್ರ್ಯಾಂಕ್ ಮುಂದಕ್ಕೆ ಹೋದಾಗ ಹಲ್ಲಿನ ಚಕ್ರ ಅಷ್ಟು ಹಿಂದೆ ಉಳಿದುಕೊಳ್ಳುತ್ತಿತ್ತು. ಚಕ್ರದ ಹಿಂದೆ ಬೆಲ್ಟು, ಬೆಲ್ಟಿನ ಹಿಂದೆ ಕ್ಯಾಮು. ಎಲ್ಲ ತಡ.

ಬೋಲ್ಟ್ ಬಿಗಿ ಸಾಲದೆ ಕೀ ಸವೆಯುವುದು ಸುಜುಕಿಯ ಈ ಎಂಜಿನ್ನಿನ ಗೊತ್ತಿರುವ ಕಾಯಿಲೆ. ಹೊರದೇಶದಲ್ಲಿ ಸಮುರಾಯ್ ಹೆಸರಿನಲ್ಲಿ ಮಾರಿದ ಗಾಡಿಗಳಲ್ಲೂ ಇದೇ ತೊಂದರೆ. ಟೈಮಿಂಗ್ ಬೆಲ್ಟ್ ಬದಲಾಯಿಸುವಾಗ ಈ ಬೋಲ್ಟನ್ನು ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಬೇಕು. ಅಂದಾಜಿನಲ್ಲಿ ಬಿಗಿ ಮಾಡಿದರೆ ಸ್ವಲ್ಪ ಸ್ವಲ್ಪವೇ ಅಲುಗಾಡಿ ಕೀಯನ್ನು ತಿನ್ನುತ್ತದೆ. ಜಿಪ್ಸಿ ಇರುವವರು ಬೇರೇನು ಮಾಡದಿದ್ದರೂ ಮುಂದಿನ ಸಲ ಬೆಲ್ಟ್ ಹಾಕಿಸುವಾಗ ಈ ಬೋಲ್ಟ್ ಮತ್ತು ಕೀ ನೋಡಿ. ನಮ್ಮದು ಕ್ರ್ಯಾಂಕಿನ ಸೀಳೇ ಸವೆಯುವ ಮುಂಚೆ ಸಿಕ್ಕಿತು. ಇಲ್ಲದಿದ್ದರೆ ಎಂಜಿನ್ ಪೂರ್ತಿ ಇಳಿಸಬೇಕಾಗುತ್ತಿತ್ತು.

ಹೊಸ ಕೀ, ಹೊಸ ಹಲ್ಲಿನ ಚಕ್ರ, ಹೊಸ ಬೋಲ್ಟ್, ಮುಂದಿನ ಆಯಿಲ್ ಸೀಲ್, ಬೆಲ್ಟ್, ಟೆನ್ಷನರ್ ಹಾಕಿ ಮತ್ತೆ ಅಳೆದರು. 3 ಡಿಗ್ರಿ ತಡ. ಒಂದು ಫೇಸಿಂಗ್‌ನದು, ಮಿಕ್ಕಿದ್ದು ಪುಲ್ಲಿ, ಬೆಲ್ಟುಗಳ ತಯಾರಿಕೆಯಲ್ಲಿ ಬರುವ ಸಣ್ಣ ಸಣ್ಣ ವ್ಯತ್ಯಾಸ. ‘ಇಲ್ಲಿಗೇ ನಿಲ್ಲಿಸಿದರೂ ನಡೆಯುತ್ತೆ ಗೌಡ್ರೇ. ನಿಮಗೆ ಏರಿಗೆ ಇನ್ನೂ ಬೇಕು ಅಂದ್ರೆ ಆಗ ಪುಲ್ಲಿ’ ಎಂದರು. ಐದೂವರೆ ಸಾವಿರದ ಮಾಲು ಮಾರುವ ಅವಕಾಶ ಇದ್ದಾಗ ಹೀಗೆ ಹೇಳುವವರನ್ನು ನಾನು ಜಾಸ್ತಿ ನೋಡಿಲ್ಲ.

ನನಗೆ ಬೇಕಿತ್ತು. ಹಾಕಿಸಿದೆ.

ಈಗ ಪುಲ್ಲಿಯ ವಿಷಯ. ಇದು ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಮಾಡಿಸಿದ್ದು, ಡಬ್ಬಿಯ ಮೇಲೆ ಯಾವ ಬ್ರ್ಯಾಂಡೂ ಇಲ್ಲ. ಎರಡು ಭಾಗ. ನಡುವಿನ ತುಂಡು ಕ್ಯಾಮ್‌ಶಾಫ್ಟಿಗೆ ಕೂರುತ್ತದೆ. ಹೊರಗಿನ ಹಲ್ಲಿನ ಬಳೆ ಬೆಲ್ಟಿಗೆ ಕೂರುತ್ತದೆ. ಎರಡನ್ನೂ ಐದು ಅಲೆನ್ ಬೋಲ್ಟ್ ಹಿಡಿದಿರುತ್ತವೆ. ಬೋಲ್ಟಿನ ತೂತು ಉದ್ದಕ್ಕೆ ಕೊರೆದಿರುವುದರಿಂದ, ಸಡಿಲಿಸಿದರೆ ಬೆಲ್ಟ್ ಬಿಚ್ಚದೆಯೇ ಕ್ಯಾಮನ್ನು ಸ್ವಲ್ಪ ಹಿಂದೆ ಮುಂದೆ ಮಾಡಬಹುದು. ಹಲ್ಲುಗಳ ಕೆಲಸ ಚೆನ್ನಾಗಿದೆ, ಬೆಲ್ಟ್ ಸದ್ದಿಲ್ಲದೆ ಓಡುತ್ತದೆ. ಡಯಲ್ ಗೇಜ್ ಇಟ್ಟು ಸುತ್ತಿಸಿದಾಗ ವಾಲಾಟವೂ ಕಾಣಲಿಲ್ಲ.

ದೂರು ಎರಡು. ಒಂದು, ಅಂಚಿನಲ್ಲಿ ಗೆರೆ ಕೆತ್ತಿದ್ದಾರೆ, ಆದರೆ ಒಂದು ಗೆರೆ ಎಂದರೆ ಕ್ಯಾಮಿನ ಡಿಗ್ರಿಯೋ ಕ್ರ್ಯಾಂಕಿನ ಡಿಗ್ರಿಯೋ ಬರೆದಿಲ್ಲ. ಅಳೆದು ನೋಡಿದಾಗ ಕ್ಯಾಮಿನ ಡಿಗ್ರಿ. ಗೊತ್ತಿಲ್ಲದೆ ನಾಲ್ಕು ಗೆರೆ ಸರಿಸಿದವರು ಕ್ರ್ಯಾಂಕ್ ಲೆಕ್ಕದಲ್ಲಿ ಎಂಟು ಸರಿಸಿರುತ್ತಾರೆ. ಯಾವ ಕಡೆ ತಿರುಗಿಸಿದರೆ ಮುಂದೆ, ಯಾವ ಕಡೆ ಹಿಂದೆ ಎಂಬ ಬಾಣದ ಗುರುತೂ ಇಲ್ಲ. ಇದು ಸಣ್ಣ ವಿಷಯ ಅಲ್ಲ. ಇನ್ನೊಂದು, ಬೋಲ್ಟಿನ ತಲೆ ಸ್ವಲ್ಪ ಎತ್ತರ. ಬೆಲ್ಟ್ ಕವರ್ ಒಳಗಡೆ ತಾಗುತ್ತಿತ್ತು, ಕವರನ್ನು ಸ್ವಲ್ಪ ಉಜ್ಜಬೇಕಾಯಿತು. ನಮ್ಮ ಕಡೆಯ ಕೆಸರಿನಲ್ಲಿ ಕವರ್ ಇಲ್ಲದೆ ಓಡಿಸುವುದು ಆಗದ ಮಾತು.

ಕ್ಯಾಮ್ ಮುಂದೆ ಮಾಡಿದರೆ ಏರಿನಲ್ಲಿ ಎಳೆತ ಯಾಕೆ ಬರುತ್ತದೆ ಎಂದು ಭಾಯ್ ನನಗೆ ಕೈಯಲ್ಲೇ ತೋರಿಸಿದರು. ಪಿಸ್ಟನ್ ಕೆಳಗಿಳಿದು ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಅದು ತಿರುಗಿ ಮೇಲೆ ಬರಲು ಶುರು ಮಾಡಿದ ಮೇಲೂ ಇನ್‌ಲೆಟ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಂಜಿನ್ ಜೋರಾಗಿ ಸುತ್ತುವಾಗ ಇದು ಒಳ್ಳೆಯದು, ನುಗ್ಗಿ ಬರುವ ಗಾಳಿ ತನ್ನ ರಭಸಕ್ಕೇ ಇನ್ನಷ್ಟು ತುಂಬಿಕೊಳ್ಳುತ್ತದೆ. ಆದರೆ ಏರಿನಲ್ಲಿ, ನಿಧಾನವಾಗಿ ಸುತ್ತುವಾಗ ಆ ರಭಸ ಇರುವುದಿಲ್ಲ. ಪಿಸ್ಟನ್ ಮೇಲೆ ಬರುತ್ತಾ, ಎಳೆದುಕೊಂಡ ಗಾಳಿಯಲ್ಲಿ ಸ್ವಲ್ಪವನ್ನು ವಾಪಸ್ ತಳ್ಳಿಬಿಡುತ್ತದೆ. ಕ್ಯಾಮ್ ಮುಂದೆ ಮಾಡಿದರೆ ವಾಲ್ವ್ ಬೇಗ ಮುಚ್ಚಿಕೊಳ್ಳುತ್ತದೆ, ತುಂಬಿದ್ದು ಒಳಗೇ ಉಳಿಯುತ್ತದೆ. ಹಿಂದೆ ಮಾಡಿದರೆ ಇದರ ಉಲ್ಟಾ, ಮೇಲಿನ ವೇಗಕ್ಕೆ ಲಾಭ. ನಮ್ಮದು ಒಂದೇ ಕ್ಯಾಮ್ ಆದ್ದರಿಂದ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಟ್ಟಿಗೇ ಸರಿಯುತ್ತವೆ. ಎರಡು ಕ್ಯಾಮ್ ಇರುವ ಎಂಜಿನ್ನಿನಲ್ಲಿ ಬೇರೆ ಬೇರೆಯಾಗಿ ಸರಿಸಬಹುದು. ಈಗಿನ ಹೊಸ ಕಾರುಗಳಲ್ಲಿ ವಿವಿಟಿ ಎಂದು ಬರೆದಿರುತ್ತದಲ್ಲ, ಅದು ಇದನ್ನೇ ಆಯಿಲ್ ಒತ್ತಡದಿಂದ ಓಡುತ್ತಾ ಓಡುತ್ತಾ ಮಾಡುತ್ತದೆ. ನಮ್ಮ ಹಳೆ ಗಾಡಿಗೆ ಒಂದು ಜಾಗ ಆರಿಸಿ ಬಿಗಿ ಮಾಡಬೇಕು.

ಆ ಜಾಗ ಆರಿಸಲು ಇನ್ನೊಂದು ದಿನ ಹಿಡಿಯಿತು. ಪ್ರತಿ ಸಲ ಪುಲ್ಲಿ ಸರಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಎಂದು ನೋಡಿಕೊಂಡರು. ಆಮೇಲೆ ಎಂಜಿನ್ ಬಿಸಿ ಮಾಡಿ, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿದರು. ಬಂದಾಗ ಒಂದನೇ ಸಿಲಿಂಡರಿನಲ್ಲಿ 128 ಪಿಎಸ್‌ಐ ಇತ್ತು. ಕೀ ಬದಲಾಯಿಸಿದ ಮೇಲೆ 138. ಪುಲ್ಲಿಯಲ್ಲಿ ಆ 3 ಡಿಗ್ರಿ ಸರಿಮಾಡಿದ ಮೇಲೆ 144. ಅಲ್ಲಿಂದ ಇನ್ನೂ 4 ಡಿಗ್ರಿ ಮುಂದೆ ಮಾಡಿದಾಗ 151.

ಇಲ್ಲಿ ಭಾಯ್ ಮಾಡಿದ ಇನ್ನೊಂದು ಕೆಲಸ ಹೇಳಲೇಬೇಕು. ಈ ಎಂಜಿನ್ನಿನಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಮಿನಿಂದಲೇ ತಿರುಗುತ್ತದೆ. ಹಾಗಾಗಿ ಕ್ಯಾಮ್ ಮುಂದೆ ಮಾಡಿದರೆ ಕಿಡಿಯೂ ಅಷ್ಟೇ ಮುಂದೆ ಹೋಗುತ್ತದೆ. ಪುಲ್ಲಿ ಹಾಕಿದ ಕೂಡಲೇ ‘ಪಿಕಪ್ ಬಂತು’ ಎಂದು ಖುಷಿಪಡುವವರು ಎಷ್ಟೋ ಸಲ ನೋಡುತ್ತಿರುವುದು ಕಿಡಿ ಮುಂದೆ ಹೋಗಿದ್ದರ ಫಲ. ಅದಕ್ಕೆ ಡಿಸ್ಟ್ರಿಬ್ಯೂಟರ್ ಸಡಿಲಿಸಿ ತಿರುಗಿಸಿದರೆ ಸಾಕು, ಪುಲ್ಲಿಯೇ ಬೇಡ. ಜೊತೆಗೆ ಭಾರ ಹಾಕಿದಾಗ ಪೆಟ್ರೋಲ್ ಹದ ತಪ್ಪಿ ಸಿಡಿದು, ಅಂದರೆ ನಾಕಿಂಗ್ ಬಂದು, ಪಿಸ್ಟನ್ ಹಾಳಾಗುವ ಭಯ ಬೇರೆ. ಭಾಯ್ ಪ್ರತಿ ಸಲವೂ ಟೈಮಿಂಗ್ ಲೈಟ್ ಹಿಡಿದು ಕಿಡಿಯನ್ನು ಮೊದಲಿನ ಜಾಗಕ್ಕೇ ತಂದು ಆಮೇಲೆ ರಸ್ತೆಗೆ ತೆಗೆದರು. ಹಾಗಾಗಿ ನಾನು ನೋಡಿದ್ದು ಕ್ಯಾಮಿನ ವ್ಯತ್ಯಾಸ ಮಾತ್ರ.

ರಸ್ತೆ ಪರೀಕ್ಷೆ ಕೈಮರದ ದಾರಿಯ ಏರಿನಲ್ಲಿ. ಮೂರನೇ ಗೇರು, 25 ಕಿಲೋಮೀಟರ್ ವೇಗದಿಂದ ಪೂರ್ತಿ ಒತ್ತಿ, 50 ಮುಟ್ಟಲು ಎಷ್ಟು ಹೊತ್ತು ಎಂದು ಹುಡುಗ ಮೊಬೈಲಿನಲ್ಲಿ ನೋಡುತ್ತಿದ್ದ. ಒಂದೇ ಮರದಿಂದ ಶುರು, ಗಾಡಿಯಲ್ಲಿ ಅದೇ ಮೂವರು. ಸೊನ್ನೆಯಲ್ಲಿ, ಅಂದರೆ ಆ 3 ಡಿಗ್ರಿ ಸರಿಮಾಡಿದ ಜಾಗದಲ್ಲಿ, 11 ಸೆಕೆಂಡ್. 4 ಮುಂದೆ ಮಾಡಿದಾಗ 10ಕ್ಕಿಂತ ಸ್ವಲ್ಪ ಕಮ್ಮಿ. 6 ಮಾಡಿದಾಗ ಕೆಳಗೆ ಇನ್ನಷ್ಟು ಲಾಭ ಕಾಣಲಿಲ್ಲ, ಮೇಲೆ ಉಸಿರು ಕಟ್ಟಿದ ಹಾಗಾಯಿತು. ವಾಪಸ್ 4ಕ್ಕೆ ತಂದು, ಐದೂ ಬೋಲ್ಟಿಗೆ ಥ್ರೆಡ್ ಲಾಕ್ ಹಚ್ಚಿ ಬಿಗಿ ಮಾಡಿ, ಬಿಳಿ ಬಣ್ಣದಲ್ಲಿ ಗೆರೆ ಎಳೆದರು. ನಾನು ಬಂದಾಗ ಇದ್ದ ಸ್ಥಿತಿಯಲ್ಲಿ ಇದೇ ಏರಿಗೆ 15 ಸೆಕೆಂಡ್ ಹಿಡಿದಿತ್ತು. ಅಂದರೆ ಜಾಸ್ತಿ ಲಾಭ ಬಂದಿದ್ದು ಕೀಯಿಂದ ಮತ್ತು ತಪ್ಪಿದ್ದನ್ನು ಸರಿಗೆ ತಂದಿದ್ದರಿಂದ. ಪುಲ್ಲಿಯಿಂದ ಹೊಸದಾಗಿ ಬಂದಿದ್ದು ಕೊನೆಯ ಒಂದು ಸೆಕೆಂಡು.

ತೋಟದಲ್ಲಿ ಏನಾಯಿತು? ಕೊಯ್ಲಿನ ಕೊನೆಯ ಮೂರು ವಾರ ಗಾಡಿ ಓಡಿಸಿದ್ದೇನೆ. ಆರು ಮೂಟೆ ಹಾಕಿಕೊಂಡು ಆ ತಿರುವನ್ನು ಎರಡನೇ ಗೇರಿನಲ್ಲಿ ಹತ್ತುತ್ತದೆ. ತಿರುವಿನಲ್ಲಿ ವೇಗ ಇಳಿದ ಮೇಲೆ ಒತ್ತಿದರೆ ಆ ಹಳೆಯ ಗುಡುಗುಡು ಸದ್ದು ಬರುತ್ತದೆ. ಮೊದಲ ದಿನ ಕಣದಲ್ಲಿ ಕೂತಿದ್ದ ಅಮ್ಮ ‘ಗಾಡಿ ಸದ್ದು ಮೊದಲಿನ ಹಾಗೆ ಆಗಿದೆಯಲ್ಲೋ’ ಎಂದರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ಮೈಲೇಜ್ ಲೀಟರಿಗೆ ಎಂಟೂವರೆಯಿಂದ ಹತ್ತರ ಹತ್ತಿರ ಬಂದಿದೆ. ಹೆದ್ದಾರಿಯಲ್ಲಿ 90 ದಾಟಿದ ಮೇಲೆ ಮಾತ್ರ ಗಾಡಿಗೆ ಮನಸ್ಸಿಲ್ಲ. ನನಗೆ ಅದು ಬೇಕಾಗಿಲ್ಲ. ವಾರಕ್ಕೊಮ್ಮೆ ಬೆಂಗಳೂರಿಗೆ ಓಡುವವರು ಸೊನ್ನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಖರ್ಚು: ಪುಲ್ಲಿ 5,500, ಮಿಕ್ಕ ಬಿಡಿಭಾಗ 3,800, ಎರಡು ದಿನದ ಕೂಲಿ 4,500. ಒಟ್ಟು 13,800 ರೂಪಾಯಿ. ಇದಕ್ಕೂ ಮೊದಲು ಸುಮ್ನೆ ಬದಲಾಯಿಸಿದ ಕ್ಲಚ್, ಪ್ಲಗ್, ಕಾರ್ಬುರೇಟರ್ ಕೆಲಸಕ್ಕೆ ಇದಕ್ಕಿಂತ ಜಾಸ್ತಿ ಹೋಗಿತ್ತು.

ಗ್ಯಾರೇಜಿನ ತೊಂದರೆ ಎಂದರೆ ಕಾಯುವುದು. ನನಗೆ ದಿನ ಸಿಗಲು ಐದು ವಾರ ಆಯಿತು. ಕೂರಲು ಜಾಗ ಇಲ್ಲ, ಬಿಲ್ ಕೈಯಲ್ಲಿ ಬರೆದುಕೊಡುತ್ತಾರೆ. ಆದರೆ ಆ ಬಿಲ್ಲಿನ ಹಿಂದೆ ಎಲ್ಲ ಅಳತೆಯನ್ನೂ ಬರೆದುಕೊಟ್ಟಿದ್ದಾರೆ: ಬಂದಾಗ ಎಷ್ಟು, ಕೀ ಹಾಕಿದ ಮೇಲೆ ಎಷ್ಟು, ಈಗ ಎಷ್ಟು, ಕಿಡಿ ಎಲ್ಲಿದೆ. ಮುಂದೆ ಬೇರೆ ಯಾರು ಬೆಲ್ಟ್ ಬಿಚ್ಚಿದರೂ ಅವರಿಗೆ ಗೊತ್ತಾಗಲಿ ಎಂದು. ನಮ್ಮ ಗಾಡಿಯ ಲೆಕ್ಕ ಈಗ ಅವರ ನೋಟ್‌ಬುಕ್ಕಿನಲ್ಲೂ ಇದೆ.

1,500 ಕಿಲೋಮೀಟರ್ ಆದ ಮೇಲೆ ಪುಲ್ಲಿಯ ಬೋಲ್ಟ್ ನೋಡಿಸಬೇಕು ಎಂದಿದ್ದರು. ಹೋದ ಸೋಮವಾರ ಹೋಗಿದ್ದೆ. ಕವರ್ ತೆಗೆದು ನೋಡಿದರು. ಬಿಳಿ ಗೆರೆ ಐದೂ ಬೋಲ್ಟಿನಲ್ಲಿ ಎಳೆದ ಹಾಗೇ ನೇರವಾಗಿತ್ತು. ಕ್ರ್ಯಾಂಕ್ ಬೋಲ್ಟಿಗೂ ಟಾರ್ಕ್ ರೆಂಚ್ ಹಾಕಿದರು, ಅಲುಗಲಿಲ್ಲ. ದುಡ್ಡು ತೆಗೆದುಕೊಳ್ಳಲಿಲ್ಲ. ಹಳೇ ಕೀ ಇನ್ನೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟಿದ್ದೆ. ಅದನ್ನು ಕೇಳಿ ಇಸಿದುಕೊಂಡರು, ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ತೋರಿಸಲು ಬೇಕಂತೆ.